ಗೋರಂಟಿ ಹಚ್ಚಿದ ಉಗುರು

ವಿಜ್ಞಾನದ ಮೇಷ್ಟ್ರಿಗೂ ಒಂದೊಂದು ಪಾಠದ ಮೇಲೆ ಮೋಹವಿರುತ್ತದೆ. ನನಗೆ ರಕ್ತದ ಪಾಠ. ಮದ್ದೂರಿನ ಹೈಸ್ಕೂಲಿನಲ್ಲಿ ಆ ದಿನ ಬಂತೆಂದರೆ ಇಸ್ತ್ರಿ ಮಾಡಿದ ಷರಟನ್ನೇ ಹಾಕಿಕೊಂಡು ಹೋಗುತ್ತಿದ್ದೆ. ಹಿಂದಿನ ಬೆಂಚಿನವರು ಎಷ್ಟು ಆಕಳಿಸಿದರೂ ನನ್ನ ಉತ್ಸಾಹ ಇಳಿಯುತ್ತಿರಲಿಲ್ಲ.

ಪಾಠವೂ ಹಾಗೇ ಇದೆ ಅನ್ನಿ. ದುಡಿಯುವ ಮಾಂಸಖಂಡದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ರಕ್ತ ಅದರ ಹೆಚ್ಚಿನ ಪಾಲನ್ನು ಬೈಕಾರ್ಬೊನೇಟ್ ಮಾಡಿ, ಅಂದರೆ ನಮ್ಮ ಅಡುಗೆ ಸೋಡಾದಲ್ಲಿ ಇರುತ್ತದಲ್ಲ ಅದೇ ರೂಪಕ್ಕೆ ತಂದು, ಶ್ವಾಸಕೋಶಕ್ಕೆ ಹೊತ್ತೊಯ್ಯುತ್ತದೆ. ಸೋಜಿಗ ಅದಲ್ಲ. ಆ ಡೈಆಕ್ಸೈಡ್ ಎಲ್ಲಿ ಹೆಚ್ಚಿದೆಯೋ ಅಲ್ಲೇ ರಕ್ತದ ಹಿಮೋಗ್ಲೋಬಿನ್ ತಾನು ಹಿಡಿದ ಆಮ್ಲಜನಕವನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ಪಂಕ್ತಿಯಲ್ಲಿ ಬಡಿಸುವವನು ಎಲೆ ಬರಿದಾದವರ ಮುಂದೆ ತಾನಾಗಿ ನಿಲ್ಲುವ ಹಾಗೆ. ದಣಿದವರು ಬಾಯಿಬಿಟ್ಟು ಕೇಳಬೇಕಾಗಿಲ್ಲ. ಈ ಮಾತು ಹೇಳಿ ನಾನು ಸೀಮೆಸುಣ್ಣ ಕೆಳಗಿಟ್ಟು ಬಡಿಸುವವನ ಹಾಗೆ ಕೈ ಚಾಚುತ್ತಿದ್ದೆ. ನಾಟಕದ ಚಾಳಿ.

ಪಾಠದ ಪಟ ಬರೆದುಕೊಟ್ಟವಳು ನನ್ನಕ್ಕ. ಮಳವಳ್ಳಿಗೆ ಕೊಟ್ಟಿದ್ದ ಅಕ್ಕ ಆಷಾಢ ಬಂತೆಂದರೆ ಹದಿನೈದು ದಿನ ನಮ್ಮಲ್ಲಿರುತ್ತಿದ್ದಳು. ಬಂದವಳೇ ಗೋರಂಟಿ ಸೊಪ್ಪು ಅರೆದು ತನ್ನ ಹತ್ತೂ ಉಗುರಿಗೆ, ನನ್ನ ಹೆಂಡತಿಯ ಉಗುರಿಗೆ, ತಡೆಯದಿದ್ದರೆ ನನ್ನ ಕಿರುಬೆರಳಿಗೂ ಮೆತ್ತುವಳು. ರಂಗೋಲಿಯಲ್ಲಿ ಪಳಗಿದ ಕೈ. ಬಿಳಿ ಬಟ್ಟೆಯ ಮೇಲೆ ಹೃದಯ, ನಾಳ ಎಲ್ಲವನ್ನೂ ಒಂದೇ ಏಟಿಗೆ ಎಳೆದಳು. ನಾನು ನೀಲಿ ಮಸಿ ಮುಂದಿಟ್ಟಾಗ ಮಾತ್ರ ತಕರಾರು.

"ಯಾಕ್ಲಾ, ನೆತ್ತರು ಎಲ್ಲಾರ ನೀಲಿ ಇರ್ತದಾ? ಐಕಳಿಗೆ ಸುಳ್ಳೇಳ್ಕೊಡ್ತೀಯಲ್ಲ."

ಆಮ್ಲಜನಕ ಕೊಟ್ಟು ಬಂದ ರಕ್ತವೂ ಕಪ್ಪುಗೆಂಪೇ, ನೀಲಿ ಬಳಿಯುವುದು ಪುಸ್ತಕದವರ ಪದ್ಧತಿ ಎಂದು ಸಮಜಾಯಿಷಿ ಕೊಟ್ಟೆ. ಬಳಿದಳು, ಒಪ್ಪಲಿಲ್ಲ.

ಎಪ್ಪತ್ನಾಲ್ಕರ ಆಷಾಢದಲ್ಲಿ ಬಸ್ ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ಅಕ್ಕ ಮೂರು ಕಡೆ ನಿಂತಳು. ಕೈಯಲ್ಲಿದ್ದದ್ದು ನಮಗೆಂದು ತಂದ ಹುರುಳಿಕಾಳಿನ ಒಂದು ಚೀಲ. ಅದನ್ನು ತೆಗೆದುಕೊಳ್ಳುವುದು ಬಿಟ್ಟು ನಾನು ಮುಂದೆ ಮುಂದೆ ನಡೆದೆ. ಮಾತು ಕಮ್ಮಿ ಮಾಡಕ್ಕ, ಉಸಿರು ಉಳಿಯುತ್ತದೆ ಅಂತ ತಮಾಷೆ ಬೇರೆ. ಅಕ್ಕ ನಕ್ಕಳು. ಆ ಹದಿನೈದು ದಿನವೂ ಕಂಬಕ್ಕೊರಗಿ ಕೂರುವಳು, ಕಾಲು ಸೇದುತ್ತದೆ ಅನ್ನುವಳು. ತವರಿಗೆ ಬಂದವಳು ಒಂದಿಷ್ಟು ಸೋಮಾರಿಯಾಗಲಿ ಬಿಡು ಎಂದು ನಾನು ಉದಾರವಾಗಿ ತೀರ್ಮಾನಿಸಿದೆ. ಉಗುರು ಬಿಳಿಚಿಕೊಂಡರೆ ರಕ್ತ ಕಮ್ಮಿ ಎಂದು ಮಕ್ಕಳಿಗೆ ನೋಟ್ಸ್ ಬರೆಸುತ್ತಿದ್ದವನು ನಾನೇ. ಅಕ್ಕನ ಉಗುರುಗಳು ಗೋರಂಟಿಯಲ್ಲಿ ಕೆಂಪಗೆ ಮಿಂಚುತ್ತಿದ್ದವು.

ಶ್ರಾವಣದಲ್ಲಿ ಭಾವ ಅವಳನ್ನು ಮಂಡ್ಯದ ಆಸ್ಪತ್ರೆಗೆ ಸೇರಿಸಿದರು. ಎರಡು ವರ್ಷದಿಂದ ತಿಂಗಳು ತಿಂಗಳೂ ಮಿತಿಮೀರಿ ರಕ್ತ ಹೋಗುತ್ತಿತ್ತಂತೆ. ಹೇಳಿಕೊಳ್ಳಲು ನಾಚಿಕೆ. ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದರು. ಒಳಗೆ ಸುಣ್ಣದ ಗೋಡೆಯ ಬಿಳುಪು. ಏನು ಕೆಲಸ ಎಂದು ನನ್ನನ್ನು ಕೇಳಿದರು. ಮೇಷ್ಟ್ರು ಅಂದೆ. ಯಾವ ಸಬ್ಜೆಕ್ಟು ಅಂದರು. ನನ್ನ ರಕ್ತ ನೋಡಿ ಎಂದು ಷರಟಿನ ತೋಳು ಮಡಚಿದೆ.

ನನ್ನ ರಕ್ತ ಅವಳಿಗೆ ಹೊಂದಿತು. ಒಂದು ಬಾಟಲಿ ತೆಗೆದು ಏರಿಸಿದರು. ತಲೆಯ ಮೇಲೆ ತೂಗುತ್ತಿದ್ದ ಬಾಟಲಿಯನ್ನು ಅಕ್ಕ ಬಹಳ ಹೊತ್ತು ನೋಡಿದಳು.

"ನೋಡ್ಲಾ, ಕೆಂಪಗೇ ಅದೆ," ಅಂದಳು.

ಮೂರನೆಯ ದಿನ ಹೋಗಿಬಿಟ್ಟಳು. ಅವಳ ಮೈಯಲ್ಲಿ ಎಲ್ಲಿ ದಣಿವಿದೆ ಎಂದು ನನ್ನ ರಕ್ತಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಳಗೆ ಹೋದದ್ದೇ ಅದಕ್ಕೆ ಗೊತ್ತಾಗಿ, ಅವಳು ಕೇಳದೆಯೇ ಆಮ್ಲಜನಕ ಕೊಟ್ಟಿರುತ್ತದೆ. ಮೂವತ್ತೈದು ವರ್ಷ ಅವಳ ತಮ್ಮನಾಗಿದ್ದ ನನಗೆ ಗೊತ್ತಾಗಲಿಲ್ಲ.

ಪಟವನ್ನು ಈಗಲೂ ತೂಗುಹಾಕುತ್ತೇನೆ, ಷರಟಿಗೆ ಇಸ್ತ್ರಿ ಇಲ್ಲ. ಮೆಟ್ಟಿಲು ಹತ್ತಿ ಏದುಸಿರು ಬಿಡುವ ಹುಡುಗಿಯರಿಗೆ ಮೊದಲು ರೆಪ್ಪೆ ಎಳೆದು ತೋರಿಸಲು ಹೇಳುತ್ತೇನೆ. ಮೇಷ್ಟ್ರಿಗೆ ಒಂದು ಸುತ್ತು ಕಮ್ಮಿ ಎಂದು ನಗುತ್ತಾರೆ. ನಗಲಿ. ಕೆಲವರು ಆಷಾಢದ ಗೋರಂಟಿ ಹಚ್ಚಿದ ಕೈಯನ್ನೇ ಮುಂದೆ ಚಾಚುತ್ತಾರೆ. ಉಗುರು ಬೇಡಮ್ಮ ಅನ್ನುತ್ತೇನೆ, ಅದನ್ನು ನಾನು ಒಂದು ಸಲ ನೋಡಿದ್ದೇನೆ.