ಬೀಜ ಹೆಚ್ಚಾಗೈತಿ

ಎಂಬಿಎ ಓದಬೇಕೆಂಬ ಹುಚ್ಚು ಹಿಡಿದಾಗ ನಾನು ಬೀಜ ಮಾರುತ್ತಿದ್ದೆ. ಸಣ್ಣ ಕಂಪನಿ, ರೋಣ, ನರಗುಂದ, ಗಜೇಂದ್ರಗಡ ಮೂರೂ ನನ್ನ ಪಾಲಿಗೆ. ಬಸ್ಸಿನಲ್ಲಿ ಓಡಾಡಿ, ಯಾವ ಅಂಗಡಿಯಲ್ಲಿ ಯಾವ ಬೀಜ ಇದೆ, ಯಾವುದು ಬೇಕು ಎಂದು ಆಫೀಸಿಗೆ ವರದಿ ಒಪ್ಪಿಸುವ ಕೆಲಸ. ಕಾಲೇಜಿನ ಅರ್ಜಿಯಲ್ಲಿ ‘ಈಗಿನ ಹುದ್ದೆ’ ಎಂಬ ಖಾನೆ ಕಂಡರೆ ಪೆನ್ನು ಮುಚ್ಚಿಡುತ್ತಿದ್ದೆ. ಬೀಜ ಮಾರುವವಳನ್ನು ಯಾವ ಕಾಲೇಜು ಒಳಗೆ ಬಿಟ್ಟೀತು?

ಅಷ್ಟರಲ್ಲಿ ಹುಬ್ಬಳ್ಳಿಯ ಮೊಬೈಲ್ ಕಂಪನಿಯೊಂದು ಕರೆಯಿತು. ಪಗಾರದಲ್ಲಿ ಅಂಥ ಫರಕಿಲ್ಲ, ಆದರೆ ಹುದ್ದೆಯ ಹೆಸರು ‘ಟೀಮ್ ಲೀಡರ್’! ಆರು ತಿಂಗಳು ಅಲ್ಲಿದ್ದು ಅರ್ಜಿ ಹಾಕಿದರೆ ಸೀಟು ಗ್ಯಾರಂಟಿ ಎಂದು ನನಗೆ ನಾನೇ ಹೇಳಿಕೊಂಡೆ. ಉತ್ತರ ಕೊಡಲು ಹದಿನೈದು ದಿನವಿತ್ತು.

ಗಜೇಂದ್ರಗಡದ ಬೀಜದಂಗಡಿಯ ಚಾಚಾಗೆ ಹೇಳಿದೆ. ಕೈಗೆ ಚಹಾ ಕೊಡದೆ ನನ್ನೊಡನೆ ವ್ಯವಹಾರದ ಮಾತೆತ್ತದ ಮನುಷ್ಯ ಅವರು.

“ಸಾಲಿ ಕಲಿಯಾಕ ನೌಕರಿ ಬಿಡೂದು ತಿಳೀತೈತಿ. ಒಂದು ಬಿಟ್ಟು ಇನ್ನೊಂದು ಹಿಡದು, ಅದನ್ನೂ ಬಿಟ್ಟು ಸಾಲಿಗೆ ಹೋಗೂದು ಯಾವ ಶ್ಯಾಣ್ಯಾತನವ್ವಾ?” ಎಂದರು.

“ನಿಮಗ ತಿಳಿಯಂಗಿಲ್ಲ ಬಿಡ್ರಿ ಚಾಚಾ,” ಎಂದು ಸಿಡುಕಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಅವರು ನಕ್ಕು ಇನ್ನರ್ಧ ಕಪ್ಪು ಚಹಾ ಸುರಿದರು.

ಅದೇ ವಾರ ಹೆಸರುಕಾಳು ಬಿತ್ತುವಷ್ಟು ಮಳೆಯಾಯಿತು. ಚಾಚಾ ಫೋನು ಮಾಡಿ, “ಹೆಸರು ಬೀಜ ಹೆಚ್ಚಾಗೈತಿ, ಲಗೂ ನೋಡವ್ವಾ,” ಎಂದರು. ನನ್ನ ಮನಸ್ಸೋ ಆಗಲೇ ಹುಬ್ಬಳ್ಳಿಯ ಕುರ್ಚಿ ಹತ್ತಿ ಕೂತಿತ್ತು. ‘ಗಜೇಂದ್ರಗಡದಲ್ಲಿ ಬೀಜ ಮಿಕ್ಕಿದೆ’ ಎಂದು ವರದಿ ಬರೆದೆ. ಅಲ್ಲಿಗೆ ಹೊರಟಿದ್ದ ಗಾಡಿಯನ್ನು ಆಫೀಸಿನವರು ಬೇರೆ ಜಿಲ್ಲೆಗೆ ತಿರುಗಿಸಿದರು. ಗಾಡಿ ಎಲ್ಲಿ ಎಂದು ಚಾಚಾ ಮತ್ತೆ ಫೋನು ಮಾಡಿದಾಗಲೇ ನನ್ನ ತಪ್ಪು ಹೊಳೆದದ್ದು, ಅವರಿಗೂ ಹೇಳಿದೆ.

ನಮ್ಮ ಕಡೆ ಮುಗಿದ ವಸ್ತುವನ್ನು ‘ತೀರಿತು’ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಅಪಶಕುನ, ‘ಹೆಚ್ಚಾಗೈತಿ’ ಎನ್ನುತ್ತೇವೆ. ಎಣ್ಣೆ ಹೆಚ್ಚಾಗೈತಿ, ಅಕ್ಕಿ ಹೆಚ್ಚಾಗೈತಿ ಎಂದು ರೋಣದ ನಮ್ಮ ಮನೆಯಲ್ಲಿ ಅವ್ವ ನನ್ನನ್ನೇ ಅಂಗಡಿಗೆ ಅಟ್ಟುತ್ತಿದ್ದಳು. ಆ ಮಾತು ತಿಳಿಯದಿರಲು ನಾನೇನು ಪರದೇಶದವಳೇ? ಥೂ, ನನ್ನ ಬುದ್ಧಿಗಿಷ್ಟು!

ಮರುದಿನ ಹೋದರೆ ಅಂಗಡಿಯ ಮುಂದೆ ರೈತರ ಗುಂಪು. “ಗಾಡಿ ಹಾದ್ಯಾಗ ಕೆಟ್ಟು ನಿಂತೈತ್ರಿ, ಬರ್ತೈತಿ,” ಎಂದು ಚಾಚಾ ನನಗಾಗಿ ಸುಳ್ಳು ಹೇಳುತ್ತಿದ್ದರು. ನನ್ನಿಂದ ತಡೆಯಲಾಗಲಿಲ್ಲ.

“ಗಾಡಿ ಕೆಟ್ಟಿಲ್ಲರಿ. ನಾನ ತಪ್ಪು ಬರದು ಕಳಿಸೀನಿ.”

ಗುಂಪಿನವರು ಗೊಣಗಿದರು. ಕಡೆಗೆ ಅಬ್ಬಿಗೇರಿಯ ಹಿರಿಯರೊಬ್ಬರು, “ಆಗಿದ್ದಾತು. ಈಗ ಬೀಜ ಎಲ್ಲಿ ಸಿಗತೈತಿ, ಅದನ್ನ ಹೇಳವ್ವಾ,” ಎಂದರು.

ನರಗುಂದಕ್ಕೆ ಓಡಿದೆ. ಅಲ್ಲಿನ ಅಂಗಡಿಕಾರರ ಕೈಕಾಲು ಹಿಡಿದು, ಸಿಕ್ಕಷ್ಟು ಚೀಲಗಳನ್ನು ಟೆಂಪೋಗೆ ಹೇರಿಸಿಕೊಂಡು ಬರುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಹೆಚ್ಚಿನವರು ಬಿತ್ತಿಕೊಂಡರು. ಅಬ್ಬಿಗೇರಿಯ ಹಿರಿಯರ ಹೊಲದಲ್ಲಿ ಮಾತ್ರ ಅಷ್ಟರೊಳಗೆ ಮಣ್ಣಿನ ಹಸಿ ಆರಿ ಬಿತ್ತುವ ಹದ ಹೋಗಿತ್ತು. ಆ ವರ್ಷ ಅವರಿಗೆ ಹೆಸರಿನ ಬೆಳೆ ಇಲ್ಲ.

“ಹುಬ್ಬಳ್ಳಿಗೆ ಹೋಗಬ್ಯಾಡ ಅನ್ನಂಗಿಲ್ಲ,” ಎಂದರು ಚಾಚಾ. “ಆದ್ರ ಈಗ ಹೋದ್ರ, ಹೆದರಿ ಓಡಿ ಹೋದ್ಳು ಅಂತಾರ. ಅದು ಪೂರಾ ಸುಳ್ಳೂ ಆಗಂಗಿಲ್ಲ.”

ಸುಗ್ಗಿ ಮುಗಿಸಿಯೇ ಹೋಗೋಣವೆಂದರೆ ಹುಬ್ಬಳ್ಳಿಯವರು ಅಲ್ಲಿಯವರೆಗೆ ಕಾಯುವವರಲ್ಲ. ಒಲ್ಲೆ ಎಂದು ಹೇಳಿ ಫೋನಿಟ್ಟು, ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತೆ. ಕೈಗೆ ಬಂದ ಸೀಟನ್ನೇ ಚೆಲ್ಲಿಬಿಟ್ಟೆ ಅನ್ನಿಸಿತ್ತು. ಕಾಲೇಜಿನ ಅರ್ಜಿಯಲ್ಲಿ ‘ಬೀಜ ಮಾರಾಟ ಪ್ರತಿನಿಧಿ’ ಎಂದೇ ಬರೆದೆ.

ಸಂದರ್ಶನದಲ್ಲಿ, ನೀವು ಮಾಡಿದ ದೊಡ್ಡ ತಪ್ಪು ಯಾವುದು ಎಂದು ಕೇಳಿದರು. ಹೆಚ್ಚಾಗೈತಿಯ ಕಥೆ ಹೇಳಿದೆ. ಮೊದಲು ಎಲ್ಲರೂ ನಕ್ಕರು. ಆ ಹೊಲ ಖಾಲಿ ಉಳಿಯಿತು ಎಂದಾಗ ನಗು ನಿಂತಿತು. ಒಬ್ಬರು ಮುಂದಕ್ಕೆ ಬಾಗಿ ಏನೋ ಬರೆದುಕೊಂಡರು. ಮುಂದೆ ಯಾರೂ ನನ್ನ ಹುದ್ದೆಯ ಬಗ್ಗೆ ಕೇಳಲಿಲ್ಲ. ಸೀಟು ಸಿಕ್ಕಿತು.

ಸುದ್ದಿ ಹೇಳಲು ಹೋದ ದಿನ ಚಾಚಾ ಅಂಗಡಿಗೆ ಬಂದವರಿಗೆಲ್ಲ ಪೇಡೆ ಹಂಚಿದರು. ಅಬ್ಬಿಗೇರಿಯ ಹಿರಿಯರೂ ಅಲ್ಲಿದ್ದರು. ಪೇಡೆ ಬಾಯಿಗಿಟ್ಟುಕೊಂಡು, “ಭಾಳ ಚಲೋ ಆತವ್ವಾ. ಏನು ಹೇಳಿ ಅವರನ್ನ ಒಪ್ಪಿಸಿದಿ?” ಎಂದು ಕೇಳಿದರು.

‘ನಿಮ್ಮ ಹೊಲ ಬೀಳು ಬಿದ್ದದ್ದನ್ನು ಹೇಳಿ’ ಎನ್ನಲು ನನಗೆ ಬಾಯಿ ಬರಲಿಲ್ಲ.