ಹೂಲಿಯಲ್ಲಿ ಸಿಕ್ಕ ಸೋಮವಾರ

೨೦೨೩ರ ಏಪ್ರಿಲ್. ಸರ್ಕಾರಿ ಪಶುವೈದ್ಯಾಧಿಕಾರಿಯ ಹುದ್ದೆಯಿಂದ ನಾನು ನಿವೃತ್ತನಾಗಿ ಎರಡು ವರ್ಷ ತುಂಬಿತ್ತು. ಬೈಲಹೊಂಗಲ, ಕಿತ್ತೂರು, ರಾಮದುರ್ಗ ಸುತ್ತಿ ಕೊನೆಗೆ ಸವದತ್ತಿಯಲ್ಲಿ ಮೂವತ್ತೊಂದು ವರ್ಷದ ನೌಕರಿ ಮುಗಿಸಿ, ಅಲ್ಲೇ ಮನೆ ಮಾಡಿಕೊಂಡಿದ್ದೆ. ಆದರೆ ನಾನು ಹೇಳಹೊರಟಿರುವ ಪ್ರಕರಣ ಆ ನೌಕರಿಯದಲ್ಲ. ನಿವೃತ್ತಿಯ ನಂತರ ನಾನಾಗಿ ತಲೆಯ ಮೇಲೆ ಹೊತ್ತುಕೊಂಡ ಎರಡನೇ ನೌಕರಿಯದು.

ದನಕರುಗಳ ಆರೈಕೆ ಕುರಿತು ಒಂದು ವಿಡಿಯೊ ಚಾನೆಲ್ ಶುರು ಮಾಡಿದ್ದೆ. ಕೆಚ್ಚಲು ಬಾವು, ಕಾಲುಬಾಯಿ ರೋಗ, ಕರುವಿಗೆ ಗಿಣ್ಣು ಎಷ್ಟು ಹೊತ್ತಿನೊಳಗೆ ಕುಡಿಸಬೇಕು, ಇಂಥವೇ ವಿಷಯ. ಮೊದಲು ವಾರಕ್ಕೊಂದು ವಿಡಿಯೊ ಹಾಕುತ್ತಿದ್ದೆ. ಜನ ನೋಡಿದರು, ಹೊಗಳಿದರು. ಹೊಗಳಿಕೆಗೆ ಉಬ್ಬುವ ಸ್ವಭಾವ ನನ್ನದು, ಅದನ್ನು ಮುಚ್ಚಿಡುವುದಿಲ್ಲ. ದಿನಕ್ಕೊಂದು ವಿಡಿಯೊ ಹಾಕಿದರೆ ಚಾನೆಲ್ ಬೇಗ ಬೆಳೆಯುತ್ತದೆ ಎಂದು ಯಾರೋ ಹೇಳಿದರು. ಸರಿ, ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ ಎಂದು ಸಾವಿರಾರು ಜನರ ಮುಂದೆ ಮಾತು ಕೊಟ್ಟುಬಿಟ್ಟೆ.

ನೂರಾ ಎಂಬತ್ತು ದಿನ ಆ ಮಾತು ತಪ್ಪಲಿಲ್ಲ. ಅಷ್ಟರಲ್ಲಿ ನಾನು ಏನಾಗಿದ್ದೆ ಎಂಬುದು ಮನೆಯವರಿಗೆ ಗೊತ್ತು. ಎದ್ದ ಕೂಡಲೇ ಕೈ ಕನ್ನಡಕ ಹುಡುಕುತ್ತಿರಲಿಲ್ಲ, ಮೊಬೈಲ್ ಹುಡುಕುತ್ತಿತ್ತು. ಊಟಕ್ಕೆ ಕುಳಿತು ಕಾಮೆಂಟುಗಳಿಗೆ ಉತ್ತರ ಬರೆಯುತ್ತಿದ್ದೆ. ತಟ್ಟೆಯಲ್ಲಿದ್ದುದು ಪುಂಡಿ ಪಲ್ಯವೋ ಹೆಸರು ಕಾಳೋ ಗೊತ್ತಾಗುತ್ತಿರಲಿಲ್ಲ. ಕುತ್ತಿಗೆ ಹಿಡಿದುಕೊಂಡಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ದನ ಕಂಡರೆ ಮೊದಲಿನ ಸಂತೋಷ ಆಗುತ್ತಿರಲಿಲ್ಲ. ಇದರಿಂದ ಎಷ್ಟು ನಿಮಿಷದ ವಿಡಿಯೊ ಆದೀತು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಈ ಸ್ಥಿತಿಗೆ ಇಂಗ್ಲಿಷಿನಲ್ಲಿ ಬರ್ನ್‌ಔಟ್ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ನನ್ನ ಹೆಂಡತಿ ಸುಮಿತ್ರಾ ಆ ಹೆಸರು ಗೊತ್ತಿಲ್ಲದೆಯೇ ರೋಗವನ್ನು ಗುರುತಿಸಿದ್ದಳು.

"ನೌಕರಿ ಇದ್ದಾಗ ಸಾಹೇಬರಿಗೆ ರಜಾ ಅರ್ಜಿ ಬರೀತಿದ್ರಿ. ಈಗ ನೀವ ಸಾಹೇಬ್ರು, ನೀವ ಸಿಪಾಯಿ. ಅರ್ಜಿ ಯಾರಿಗಿ ಬರೀತೀರಿ?" ಎಂದಳು.

ನಕ್ಕು ಮತ್ತೆ ಮೊಬೈಲಿಗೆ ಬಗ್ಗಿದೆ. ನಗಬಾರದಿತ್ತು.

ಆ ಏಪ್ರಿಲ್ ತಿಂಗಳ ಒಂದು ಶನಿವಾರ ಹಸಿ ಜೋಳದ ಮೇವಿನ ಬಗ್ಗೆ ಚಿತ್ರೀಕರಣ ಮಾಡಿದ್ದೆ. ಮೊದಲರ್ಧದಲ್ಲಿ ಹಸಿ ಜೋಳ ಎಂಥ ಒಳ್ಳೆಯ ಮೇವು, ಗಬ್ಬದ ಆಕಳಿಗೆ ಎಷ್ಟು ಹಿತ ಎಂಬ ಗುಣಗಾನ. ಉಳಿದರ್ಧದಲ್ಲಿ ಎಚ್ಚರಿಕೆ. ಎಳೆಯ ಜೋಳದ ಎಲೆಯಲ್ಲಿ ಒಂದು ಅಂಶವಿರುತ್ತದೆ, ಅದು ದನದ ಹೊಟ್ಟೆಯಲ್ಲಿ ಸೈನೈಡ್ ವಿಷವಾಗುತ್ತದೆ. ಮೊಳಕಾಲೆತ್ತರದ ಜೋಳ, ನೀರಿಲ್ಲದೆ ಬಾಡಿದ ಜೋಳ, ಇವೆರಡಕ್ಕಿಂತ ಮುಖ್ಯವಾಗಿ ಕೊಯ್ದ ಕೂಳೆಯಿಂದ ಮಳೆಗೆ ಚಿಗುರಿದ ಜೋಳ, ಇವನ್ನು ದನದ ಬಾಯಿಗೆ ಹತ್ತಗೊಡಬಾರದು. ತೆನೆ ಒಡೆದು ಹೂವಾದ ಮೇಲಷ್ಟೇ ಹಾಕಬೇಕು.

ಒಂದೇ ಪಾಠ ಅದು. ಆದರೆ ದಿನಕ್ಕೊಂದರ ಹಸಿವು ಕೆಟ್ಟದ್ದು. ಸೋಮವಾರಕ್ಕೆ ನನ್ನ ಹತ್ತಿರ ಬೇರೆ ಸರಕಿರಲಿಲ್ಲ, ಹೊಸದು ಮಾಡುವ ತ್ರಾಣವೂ ಇರಲಿಲ್ಲ. ಹಾಗಾಗಿ ಪಾಠವನ್ನು ನಡುವೆ ಕತ್ತರಿಸಿದೆ. ಗುಣಗಾನ ರವಿವಾರಕ್ಕೆ, ಎಚ್ಚರಿಕೆ ಸೋಮವಾರಕ್ಕೆ. ಒಂದು ದಿನದಲ್ಲಿ ಏನಾದೀತು ಎಂದುಕೊಂಡೆ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಔಷಧ ಇವತ್ತು ಕೊಟ್ಟು, ಅದನ್ನು ಕೊಡುವ ಕ್ರಮ ನಾಳೆ ಹೇಳುತ್ತೇನೆ ಎಂದವನಲ್ಲ ನಾನು.

ಸೋಮವಾರ ಬೆಳಿಗ್ಗೆ ಮೊದಲ ಸಲ ಆರು ಗಂಟೆಯ ಮಾತು ತಪ್ಪಿತು. ಕುತ್ತಿಗೆ ನೋವಿಗೆ ತಡವಾಗಿ ಎದ್ದಿದ್ದೆ. ಏಳೂವರೆಗೆ ಆ ಎಚ್ಚರಿಕೆಯ ಭಾಗವನ್ನೇ ಮೊಬೈಲಿನಲ್ಲಿ ತಿದ್ದುತ್ತ ಕುಳಿತಿರುವಾಗ ಕರೆ ಬಂತು. ಹತ್ತಿರದ ಹೂಲಿ ಊರಿನಿಂದ ಗಂಗವ್ವ ಎಂಬ ಹೆಣ್ಣುಮಗಳು. ನನ್ನ ಚಾನೆಲ್ ತಪ್ಪದೆ ನೋಡುವವಳು, ಹಿಂದೆಯೂ ಎರಡು ಸಲ ಮಾತಾಡಿದ್ದಳು.

"ಡಾಕ್ಟರ ಸಾಹೇಬ್ರ, ನಮ್ಮ ಆಕಳ ಚಂದ್ರಿ ಬಿದ್ದೈತ್ರಿ. ಏಳು ತಿಂಗಳ ಗಬ್ಬ. ನಡಗಾಕ ಹತ್ತೈತಿ, ಬಾಯಾಗ ಬುರುಗು."

"ಏನ್ ತಿಂದೈತಿ?"

"ಕೂಳಿ ಚಿಗುರ್ರಿ. ನಮ್ಮ ಮಾವ ಬ್ಯಾಡ ಅಂದ್ರು. ನಿನ್ನಿ ನೀವು ಹೇಳೀರಿ ಅಂತ ಹಾಕೇನ್ರಿ."

ಕೈಯಲ್ಲಿದ್ದ ಮೊಬೈಲಿನಲ್ಲೇ ಆ ಎಚ್ಚರಿಕೆ ಇತ್ತು. "ಇನ್ನೊಂದು ಎಲಿ ಹಾಕಬ್ಯಾಡ, ಬಂದೆ" ಎಂದು ಹೇಳಿ, ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಫೋನು ಮಾಡಿದೆ. ಅವರು ಬೇರೊಂದು ಊರಿನಲ್ಲಿ ಎಮ್ಮೆಯ ಹೆರಿಗೆಯಲ್ಲಿದ್ದರು. "ನೀವು ಮುಂದ ಹೋಗ್ರಿ ಸರ, ನಾ ಹಿಂದ ಬರತೇನಿ" ಎಂದರು. ನಿವೃತ್ತನಾದರೂ ಚೀಲ ಬಿಟ್ಟವನಲ್ಲ ನಾನು. ಮಳೆಗೆ ಕೂಳೆ ಚಿಗುರುವ ದಿನಗಳಲ್ಲಿ ಸೋಡಿಯಂ ಥಯೋಸಲ್ಫೇಟ್ ಎಂಬ ಔಷಧ ಅದರಲ್ಲಿ ಇದ್ದೇ ಇರುತ್ತದೆ. ಮೋಟರ್‌ಸೈಕಲ್ ಹತ್ತಿದೆ. ಹಿಂದಿನ ವಾರ ಮಳೆಯಾಗಿ ಹೊಲ ಹದವಾಗಿದ್ದರೂ ದಾರಿಯ ಇಕ್ಕೆಲದಲ್ಲಿ ಒಂದು ಜೋಡಿ ಎತ್ತೂ ಕಾಣಲಿಲ್ಲ. ಏಕೆಂದು ಯೋಚಿಸುವ ಮನಸ್ಸು ಆಗ ಇರಲಿಲ್ಲ.

ಚಂದ್ರಿ ಕೊಟ್ಟಿಗೆಯ ಮುಂದೆ ಕಾಲು ಚಾಚಿ ಮಲಗಿತ್ತು. ತುಟಿ ಎತ್ತಿ ನೋಡಿದೆ, ಒಸಡು ಕೆಂಪಗೆ ಹೊಳೆಯುತ್ತಿತ್ತು. ಸೈನೈಡಿನ ಗುರುತು ಅದು. ರಕ್ತದಲ್ಲಿ ಆಮ್ಲಜನಕ ತುಂಬಿರುತ್ತದೆ, ಆದರೆ ಮೈ ಅದನ್ನು ಬಳಸಿಕೊಳ್ಳಲಾರದು. ಹಸಿದವನ ಮುಂದೆ ಊಟ ಇಟ್ಟು ಕೈ ಕಟ್ಟಿದ ಹಾಗೆ. ಗಂಗವ್ವನ ಮಾವ ಫಕೀರಪ್ಪ, ಎಂಬತ್ತರ ಹತ್ತಿರದ ಹಿರಿಯರು, ಆಕಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಪಕ್ಕದಲ್ಲಿ ಹಸಿ ಚಿಗುರಿನ ಹೊರೆ, ಮುಕ್ಕಾಲು ಹಾಗೇ ಇತ್ತು. ನಾಲ್ಕು ಬಾಯಿ ತಿನ್ನುವಷ್ಟರಲ್ಲಿ ಮುದುಕರು ಬಂದು ಕಿತ್ತುಕೊಂಡಿದ್ದರಂತೆ. ಅಂದು ಆ ಆಕಳನ್ನು ಮೊದಲು ಉಳಿಸಿದವರು ಅವರು. ಎರಡನೆಯವನು ನಾನು.

ಕುತ್ತಿಗೆಯ ರಕ್ತನಾಳ ಮೊದಲ ಸಲಕ್ಕೇ ಸಿಕ್ಕಿತು. ಆರು ತಿಂಗಳಿಂದ ಮೊಬೈಲ್ ತಿಕ್ಕಿದ ಕೈ ಅದು, ಆದರೂ ತನ್ನ ಕೆಲಸ ಮರೆತಿರಲಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಔಷಧ ನಿಧಾನವಾಗಿ ಒಳಗೆ ಹೋಯಿತು. ಇಪ್ಪತ್ತು ನಿಮಿಷಕ್ಕೆ ಉಸಿರು ಹದಕ್ಕೆ ಬಂತು. ಮುಕ್ಕಾಲು ಗಂಟೆಗೆ ಚಂದ್ರಿ ಮುಂಗಾಲು ಮಡಚಿ, ಒಮ್ಮೆ ಜೋಲಿ ಹೊಡೆದು, ಎದ್ದು ನಿಂತಿತು. ಹೊಟ್ಟೆಗೆ ಕೈ ಒತ್ತಿ ಕಾದೆ. ಒಳಗೆ ಕರು ಮಿಸುಕಿತು. ಗಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನನ್ನ ಕಣ್ಣೂ ಒದ್ದೆಯಾಗಿತ್ತು.

ಆಮೇಲೆ ಗಂಗವ್ವ ನನ್ನ ಕಾಲು ಮುಟ್ಟಲು ಬಂದಾಗ ತಡೆದುಕೊಳ್ಳಲಾಗಲಿಲ್ಲ. ಹಿಂದೆ ಸರಿದೆ. "ತಪ್ಪು ನನ್ನದವ್ವ" ಎಂದು ಆ ಅರ್ಧ ವಿಡಿಯೊ ತೆಗೆದು ಇಬ್ಬರಿಗೂ ತೋರಿಸಿದೆ. ಏಕೆ ಕತ್ತರಿಸಿದೆ ಎಂದೂ ಹೇಳಿದೆ. ಬೈಸಿಕೊಳ್ಳಲು ಸಿದ್ಧನಿದ್ದೆ. ಫಕೀರಪ್ಪನವರು ಬಯ್ಯಲಿಲ್ಲ. ಮೇವಿನ ಗ್ವಾದಲಿಯ ಮುಂದೆ ಮೆಲುಕು ಹಾಕುತ್ತ ನಿಂತಿದ್ದ ತಮ್ಮ ಜೋಡಿ ಎತ್ತುಗಳ ಕಡೆ ಕೈ ಮಾಡಿದರು.

"ಸಾಹೇಬ್ರ, ಇವತ್ತ ಸ್ವಾಮಾರ. ಹೊಲ ಎಷ್ಟ ಹದಾ ಆಗಿರಲಿ, ನಮ್ಮ ಊರಾಗ ಯಾರೂ ಎತ್ತಿಗಿ ನೊಗಾ ಹಚ್ಚಂಗಿಲ್ಲ. ನಿಮಗ್ಯಾವ ವಾರ ಬಿಡುವು?"

"ದಣಿವಾದರ ಒಂದಿನ ಬಿಡೂದು ಅಂತ ಮಾಡಿದ್ದೆರಿ" ಎಂದೆ.

"ಎತ್ತು ದಣದೇನಿ ಅಂತ ಯಾವತ್ತಾರ ಹೇಳೈತೇನ್ರಿ? ಎತ್ತಿನ್ನ ಕೇಳಿ ಬಿಡಂಗಿಲ್ಲ, ವಾರ ನೋಡಿ ಬಿಡತೇವಿ."

ಸೋಮವಾರ ಬಸವಣ್ಣನಿಗೆ ಬಿಡುವು ಎಂಬುದು ನಮ್ಮ ಭಾಗದ ಮಕ್ಕಳಿಗೂ ಗೊತ್ತು. ಎತ್ತಿನ ಹೆಗಲ ಬಾವಿಗೆ ಮುಲಾಮು ಹಚ್ಚುತ್ತ, ವಿಶ್ರಾಂತಿ ಕೊಡಿ ಎಂದು ನಾನೇ ಎಷ್ಟೋ ರೈತರಿಗೆ ಗದರಿದ್ದೇನೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮುದುಕರ ಮಾತು ನೇರ ಹೆಗಲಿಗೇ ತಾಗಿತು.

ರವಿವಾರದ ವಿಡಿಯೊ ಅಲ್ಲೇ ನಿಂತು ತೆಗೆದುಹಾಕಿದೆ. ಗಂಗವ್ವ ಹೂಂ ಎಂದ ಮೇಲೆ, ಚಂದ್ರಿಯ ಪಕ್ಕದಲ್ಲೇ ಹೊಸದು ಚಿತ್ರೀಕರಿಸಿದೆ. ಮೇವಿನ ಗುಣ, ವಿಷ, ನನ್ನ ತಪ್ಪು, ಫಕೀರಪ್ಪನವರ ಜಾಣತನ, ಎಲ್ಲ ಒಂದರಲ್ಲೇ. ಕೊನೆಗೆ ಹೇಳಿದೆ: ಇನ್ನು ಮುಂದೆ ವಾರಕ್ಕೆ ಎರಡೇ ವಿಡಿಯೊ. ಒಂದು ಪಾಠವನ್ನು ಎರಡು ತುಂಡು ಮಾಡುವುದಿಲ್ಲ. ಪ್ರಶ್ನೆಗಳಿಗೆ ಉತ್ತರ ದಿನಕ್ಕೆ ಒಂದೇ ತಾಸು. ಸೋಮವಾರ ನನ್ನ ನೊಗ ಇಳಿದಿರುತ್ತದೆ. ದನದ ಜೀವಕ್ಕೆ ಅಪಾಯವಾದರೆ ಮಾತ್ರ ಮನೆಯ ಫೋನಿಗೆ ಕರೆ ಮಾಡಿ.

ನೋಡುವವರು ಕಡಿಮೆಯಾದರು. "ಮುದುಕಗ ಸೊಕ್ಕು ಬಂತು" ಎಂದು ಒಬ್ಬ ಬರೆದ. ಸೊಕ್ಕು ಮೊದಲೂ ಇತ್ತು, ಆತ ತಡವಾಗಿ ನೋಡಿದ. ಮೊದಲ ಕೆಲವು ಸೋಮವಾರ ಕೈ ತಾನಾಗಿ ಗೋಡೆಯ ಮಾಡದಲ್ಲಿಟ್ಟ ಮೊಬೈಲಿನ ಕಡೆ ಹೋಗುತ್ತಿತ್ತು. ಸುಮಿತ್ರಾ ಕೆಮ್ಮುತ್ತಿದ್ದಳು, ಕೈ ಹಿಂದೆ ಬರುತ್ತಿತ್ತು. ತಿಂಗಳೆರಡರಲ್ಲಿ ಕುತ್ತಿಗೆ ತಿರುಗಿತು, ಪುಂಡಿ ಪಲ್ಯಕ್ಕೆ ರುಚಿ ಬಂತು. ಹೊರಗೆ ಯಾರದೋ ಆಕಳು ಕೂಗಿದರೆ ಮತ್ತೆ ಕಿವಿ ನಿಮಿರತೊಡಗಿತು. ಚಾನೆಲ್ ಇವತ್ತಿಗೂ ನಡೆದಿದೆ. ಆ ರವಿವಾರದ ವಿಡಿಯೊದಂತೆ ನಾನು ತೆಗೆದುಹಾಕಬೇಕಾದದ್ದು ಅದರಲ್ಲಿ ಇನ್ನೊಂದಿಲ್ಲ.

ಅದೇ ವರ್ಷದ ಜೂನ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಗಂಗವ್ವ ಫೋನು ಮಾಡಿದಳು. "ಚಂದ್ರಿ ಈದೈತ್ರಿ. ಹೆಣ್ಣ ಕರಾ. ಗಿಣ್ಣ ನೀವು ಹೇಳಿದ ಹೊತ್ತಿನ್ಯಾಗ ಕುಡಿಸೇನಿ."

"ಯಾವಾಗ ಈತು?"

"ನಿನ್ನಿ ಮುಂಜಾನಿ. ಎಲ್ಲಾ ಸುಸೂತ್ರ ಆತ್ರಿ. ಫೋನ ಹಚ್ಚಾಕ ಹೋಗಿದ್ದೆ, ನಮ್ಮ ಮಾವ ಬಿಡಲಿಲ್ಲ. ಇವತ್ತ ಸ್ವಾಮಾರ ಐತಿ, ಸಾಹೇಬ್ರನ್ನ ಹೂಡಬ್ಯಾಡ ಅಂದ್ರು."

ಮೂವತ್ತೊಂದು ವರ್ಷದಲ್ಲಿ ಸರ್ಕಾರ ನನಗೆ ಬಗೆಬಗೆಯ ರಜೆ ಮಂಜೂರು ಮಾಡಿದೆ. ಪ್ರತಿಯೊಂದಕ್ಕೂ ನಾನೇ ಅರ್ಜಿ ಬರೆಯಬೇಕಾಗಿತ್ತು. ಕೇಳದೆ ಸಿಕ್ಕ ರಜೆ ಇದೊಂದೇ.