ಚೋಯ್ಜಿಲ್ ಮಾವ ಹೆದರಿದ ಕಿಡಿ

ನನ್ನ ಗಂಡನ ತಂದೆ ಚೋಯ್ಜಿಲ್ ಮಾವ ತೋಳಕ್ಕೆ ಹೆದರಿದವರಲ್ಲ, ಪಳಗದ ಕುದುರೆಗೂ ಹೆದರಿದವರಲ್ಲ. ಕೊನೆಗಾಲದಲ್ಲಿ ಅವರು ಹೆದರಿದ್ದು ಒಂದು ಕಿಡಿಗೆ. ಹೆದರಿಸಿದವಳು ನಾನು.

ನಮ್ಮ ಗೋಬಿ ಮರುಭೂಮಿಯಲ್ಲಿ ಚಳಿಗಾಲದ ಗಾಳಿ ಒಣಗಿದರೆ ಮುಟ್ಟಿದ್ದೆಲ್ಲ ಚಟ್ ಎಂದು ಕಿಡಿ ಹಾರಿಸುತ್ತದೆ: ಒಲೆಯ ಕಬ್ಬಿಣ, ಕುದುರೆಯ ಜೂಲು, ಗಂಡನ ಕೈ. ಧೂಳುಗಾಳಿ ಏಳುವ ಮುಂಚೆಯಂತೂ ಮಾವನಿಗೆ ತಲೆ ಸಿಡಿಯುತ್ತಿತ್ತು. ಅವರ ಎದೆಯೊಳಗೆ ಗುಂಡಿಗೆ ಬಡಿತ ಕಾಯುವ ಯಂತ್ರ ಕೂರಿಸಿ ಕಳಿಸುವಾಗ ನಗರದ ನರ್ಸ್ "ಕರೆಂಟಿನಿಂದ ದೂರ ಇರಿ" ಎಂದಳು, ಅಷ್ಟೇ. ಎಲ್ಲ ಬಲ್ಲವಳ ಹಾಗೆ ನಾನೇ ಬಾಲ ಸೇರಿಸಿದೆ.

"ಮಾವ, ಗಾಳಿ ಕಿಡೀನೂ ಕರೆಂಟೇ. ಯಾರನ್ನೂ ಮುಟ್ಬೇಡಿ."

ಅವರು ಅದನ್ನು ವೇದವಾಕ್ಯವೆಂದು ನಂಬಿದರು. ನಮ್ಮಲ್ಲಿ ಹಿರಿಯರು ಮುದ್ದು ಮಾಡುವ ಹಾಗೆ ಮೊಮ್ಮಗಳ ಕೆನ್ನೆ ಮೂಸುವುದನ್ನೂ ಬಿಟ್ಟರು.

ಆ ಸಲ ಹೊಸವರ್ಷದ ಬಿಳಿ ತಿಂಗಳ ಹಬ್ಬಕ್ಕೆ ಅವರ ತಮ್ಮ ಶರವ್ ಬಂದ. ಬಾವಿ ನೀರಿನ ಜಗಳದಲ್ಲಿ ಆರು ವರ್ಷ ಮಾತು ಬಿಟ್ಟಿದ್ದವನು. ಹಬ್ಬದ ದಿನ ಕಿರಿಯ ತನ್ನ ತೋಳುಗಳಿಂದ ಹಿರಿಯನ ಮೊಣಕೈಗೆ ಆಸರೆ ಕೊಟ್ಟರೆ ಹಳೆಯದೆಲ್ಲ ಮುಗಿದಂತೆ. ಶರವ್ ಹಿರಿಯರ ಗೌರವಕ್ಕೆ ಹಿಡಿಯುವ ನೀಲಿ ರೇಷ್ಮೆ ವಸ್ತ್ರವನ್ನು ಕೈಮೇಲೆ ಹರಡಿಕೊಂಡು ತೋಳು ಚಾಚಿದ. ವಸ್ತ್ರ ಚಟಚಟ ಎಂದಿತು. ಮಾವ ಎರಡು ಹೆಜ್ಜೆ ಹಿಂದೆ ಸರಿದರು.

"ಇನ್ನೂ ಸಿಟ್ಟು ಇಳಿದಿಲ್ವೇನಣ್ಣ?" ಎಂದ ಶರವ್.

"ಸಿಟ್ಟಲ್ವೋ. ಎದೇಲಿ ಯಂತ್ರ ಐತೆ, ಕಿಡಿ ತಾಗ್ಬಾರ್ದಂತೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಇರ್ಲಿ ಬಿಡು."

ನಾನೇ ಹಾಗೆ ಹೇಳಿದ್ದು ಎನ್ನಬಹುದಿತ್ತು. ಕಡುಬು ಬೇಯಿಸುವ ನೆವದಲ್ಲಿ ಒಲೆಯ ಕಡೆ ತಿರುಗಿಕೊಂಡೆ. ಶರವ್ ಒಂದು ಕಡುಬನ್ನೂ ಮುಟ್ಟದೆ ಕುದುರೆ ಹತ್ತಿದ. ವಸಂತದ ಧೂಳುಗಾಳಿಯಲ್ಲಿ ತಪ್ಪಿಸಿಕೊಂಡ ಆಡುಗಳನ್ನು ಹುಡುಕಲು ಹೋದವನು ಜೀವಂತ ಮರಳಲಿಲ್ಲ.

ಬೇಸಿಗೆಯಲ್ಲಿ ಮಾವನ ಜೊತೆ ಯಂತ್ರ ತೋರಿಸಲು ಹೋದಾಗ ತಲೆಸಿಡಿತ, ಕಿಡಿ ಎರಡರ ವಿಷಯವನ್ನೂ ಡಾಕ್ಟರನ್ನು ಕೇಳಿಯೇಬಿಟ್ಟೆ.

"ಧೂಳುಗಾಳಿ ದಿನ ಕೆಲವರಿಗೆ ತಲೆನೋವು ಬರತ್ತೆ, ಯಾಕೆ ಅಂತ ನಮಗೂ ಸರಿಯಾಗಿ ಗೊತ್ತಿಲ್ಲಮ್ಮ" ಎಂದರು ಅವರು. "ಆದ್ರೆ ಮೈ ತಾಗಿದಾಗ ಬರೋ ಕಿಡಿಗೆ ಈ ಯಂತ್ರ ಜಗ್ಗಲ್ಲ. ಯಾರು ಹೇಳಿದ್ದು ನಿಮಗೆ?"

"ಯಾರೋ ಅಂದ್ರು" ಎಂದರು ಮಾವ. ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮುಂದಿನ ಹಬ್ಬದಲ್ಲಿ ಮೊದಲು ನಾನೇ ಅವರ ಮೊಣಕೈ ಕೆಳಗೆ ತೋಳು ಚಾಚಿದೆ. ಚಟ್ ಎಂದಿತು. ಮಾವ ಅಲುಗಲಿಲ್ಲ.

"ಇಷ್ಟೇನಾ ಮಗಳೇ?"

"ಇಷ್ಟೇ ಮಾವ."

ನನ್ನ ಕೆನ್ನೆ ಮೂಸಿದರು. ನಾನು ಸರಿದ ಮೇಲೂ ತೋಳು ಇಳಿಸದೆ, ಶರವ್ ಹೊರಟುಹೋದ ಬಾಗಿಲ ಕಡೆ ನೋಡುತ್ತ ನಿಂತೇ ಇದ್ದರು.